ಬ್ಯಾರನ್ ಸೌದೆಯ ಲೆಕ್ಕ: ನಾಲ್ಕು ತಾಲ್ಲೂಕುಗಳ ಒಂದು ಹಳೇ ಖರ್ಚಿನ ಕಥೆ

ಚಳಿ ದೇಶಗಳಲ್ಲಿ ಮನೆ ಬೆಚ್ಚಗಿಡುವುದೇ ದೊಡ್ಡ ಖರ್ಚು. ಮನೆ ಹಳೆಯದಾದರೆ ಖರ್ಚು ಇನ್ನೂ ಜಾಸ್ತಿ. ಕಿಟಕಿ ಸಂದಿಯಿಂದ, ತೆಳುವಾದ ಚಾವಣಿಯಿಂದ ಬಿಸಿ ಸೋರಿಹೋಗುತ್ತದೆ, ಬಿಲ್ ಏರುತ್ತದೆ. ನಮ್ಮ ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ಕಡೆ ಆ ತಾಪತ್ರಯ ಇಲ್ಲ. ಧನುರ್ಮಾಸದ ಚಳಿಗೂ ಒಂದು ಕಂಬಳಿ, ಬೆಳಿಗ್ಗೆ ಒಂದು ಹಂಡೆ ಬಿಸಿನೀರು ಇದ್ದರೆ ಸಾಕು.

ಆದರೂ ನಮ್ಮಲ್ಲಿ ವಾರಗಟ್ಟಲೆ ಹಗಲು ರಾತ್ರಿ ಬಿಸಿ ಮಾಡುವ ಒಂದು ಕಟ್ಟಡ ಇದೆ. ಅದರಲ್ಲಿ ಮನುಷ್ಯರು ವಾಸ ಮಾಡುವುದಿಲ್ಲ. ಹದಿನಾರು ಅಡಿ ಉದ್ದ, ಹದಿನಾರು ಅಡಿ ಅಗಲ, ಹೆಚ್ಚುಕಡಿಮೆ ಅಷ್ಟೇ ಎತ್ತರ. ಒಂದು ಬಾಗಿಲು, ಮೇಲೆ ಕೆಳಗೆ ಕಿಂಡಿಗಳು, ಹೊರಗಡೆ ಒಲೆ, ಹಿಂದೆ ಹೊಗೆ ಹೋಗುವ ಚಿಮಣಿ. ಹೊಗೆಸೊಪ್ಪು ಬೇಯಿಸುವ ಬ್ಯಾರನ್.

ಈ ಕಟ್ಟಡದ ಸೌದೆ ಖರ್ಚಿಗೆ ಒಂದು ಇತಿಹಾಸ ಇದೆ. ಅದನ್ನು ತಿಳಿದರೆ, ಐದು ಕೆ.ಜಿ. ಸೌದೆಯಲ್ಲಿ ನಾಲ್ಕು ಕೆ.ಜಿ. ಯಾಕೆ ಗಾಳಿಗೆ ಹೋಗುತ್ತಿದೆ ಎಂಬುದು ಅರ್ಥವಾಗುತ್ತದೆ. ಅದನ್ನು ಉಳಿಸುವ ದಾರಿ ಗೊತ್ತಿದ್ದೂ ಯಾಕೆ ಉಳಿಯುತ್ತಿಲ್ಲ ಎಂಬುದೂ ಅರ್ಥವಾಗುತ್ತದೆ.

ಬ್ಯಾರನ್ ಒಳಗೆ ಆಗುವುದೇನು?

ಹೊಗೆಸೊಪ್ಪು ಬೆಳೆಯದ ಊರಿನ ಓದುಗರಿಗಾಗಿ ಮೊದಲು ಇದನ್ನು ಹೇಳಬೇಕು. ನಮ್ಮಲ್ಲಿ ಬೆಳೆಯುವುದು ವರ್ಜೀನಿಯಾ ಹೊಗೆಸೊಪ್ಪು, ಸಿಗರೇಟಿಗೆ ಹೋಗುವ ಸೊಪ್ಪು. ಮುಂಗಾರಿಗೆ ಮುಂಚೆ ಸಸಿಮಡಿ, ಮೇ ತಿಂಗಳ ಮಳೆಗೆ ನಾಟಿ, ಜುಲೈನಿಂದ ಸೊಪ್ಪು ಮುರಿಯುವ ಕೆಲಸ. ಕೆಳಗಿನ ಎಲೆ ಮೊದಲು, ಮೇಲಿನ ಎಲೆ ಆಮೇಲೆ. ಮುರಿದ ಸೊಪ್ಪನ್ನು ದಾರದಲ್ಲಿ ಕಡ್ಡಿಗೆ ಕಟ್ಟುತ್ತಾರೆ. ಈ ಕೆಲಸ ಹೆಚ್ಚಾಗಿ ಹೆಂಗಸರದು. ಕಡ್ಡಿಗಳನ್ನು ಬ್ಯಾರನ್ ಒಳಗೆ ಅಂತಸ್ತು ಅಂತಸ್ತಾಗಿ ತೂಗುಹಾಕಿ ಬಾಗಿಲು ಮುಚ್ಚಿ ಒಲೆ ಹಚ್ಚುತ್ತಾರೆ.

ಒಲೆಯ ಬೆಂಕಿಯಾಗಲಿ ಹೊಗೆಯಾಗಲಿ ಸೊಪ್ಪಿಗೆ ತಾಗಬಾರದು. ಬ್ಯಾರನ್ ನೆಲದ ಮೇಲೆ ಸುತ್ತ ತಗಡಿನ ದಪ್ಪ ಪೈಪುಗಳಿರುತ್ತವೆ. ಹೊಗೆ ಆ ಪೈಪುಗಳಲ್ಲಿ ಸುತ್ತಿ ಚಿಮಣಿಯಿಂದ ಹೊರಗೆ ಹೋಗುತ್ತದೆ. ಪೈಪು ಕಾಯುತ್ತದೆ, ಪೈಪಿನಿಂದ ಗಾಳಿ ಕಾಯುತ್ತದೆ, ಗಾಳಿಯಿಂದ ಸೊಪ್ಪು ಬೇಯುತ್ತದೆ.

ಮೊದಲ ಹಂತದಲ್ಲಿ ಒಳಗಿನ ಶಾಖ 95ರಿಂದ 100 ಡಿಗ್ರಿ ಫ್ಯಾರನ್‌ಹೀಟ್ ಇರಬೇಕು. ಒಂದೂವರೆ ದಿನದ ಹೊತ್ತಿಗೆ ಹಸಿರು ಸೊಪ್ಪು ಹಳದಿ ತಿರುಗುತ್ತದೆ. ಆಮೇಲೆ ಮೆಲ್ಲಗೆ ಶಾಖ ಏರಿಸಿ, ಕಿಂಡಿ ತೆರೆದು ತೇವ ಹೊರಗೆ ಬಿಟ್ಟು, 140 ಡಿಗ್ರಿ ಹತ್ತಿರ ಎಲೆ ಒಣಗಿಸಬೇಕು. ಕೊನೆಗೆ ನಡುದಂಟು ಒಣಗಲು 160 ಡಿಗ್ರಿವರೆಗೆ ಹೋಗಬೇಕು. ಎಲ್ಲ ಸೇರಿ ಐದಾರು ದಿನ. ಅಷ್ಟೂ ದಿನ ರಾತ್ರಿ ಎದ್ದು ಬೆಂಕಿ ನೋಡುವವರು ಒಬ್ಬರು ಬೇಕೇ ಬೇಕು. ಶಾಖ ಬೇಗ ಏರಿದರೆ ಸೊಪ್ಪು ಹಸಿರಾಗಿಯೇ ಉಳಿಯುತ್ತದೆ, ತಡವಾದರೆ ಕಪ್ಪಾಗುತ್ತದೆ. ಎರಡಕ್ಕೂ ಬೆಲೆ ಇಲ್ಲ.

ಇದು ಒಂದು ಸಲದ ಕೆಲಸ. ಒಂದು ಹಂಗಾಮಿನಲ್ಲಿ ಒಂದು ಬ್ಯಾರನ್ ಹೀಗೆ ಹಲವು ಸಲ ತುಂಬಿ ಬರಿದಾಗುತ್ತದೆ. ಅದೂ ಮಳೆಗಾಲದಲ್ಲಿ.

ಬೆಂಕಿ ಕಾಯುತ್ತ ನಿದ್ದೆ ಹೋದವನು

ಈ ಪದ್ಧತಿ ಹುಟ್ಟಿದ್ದು ಅಮೆರಿಕದಲ್ಲಿ. ಅಲ್ಲಿ ಪ್ರಸಿದ್ಧವಾಗಿರುವ ಕಥೆ ಹೀಗಿದೆ. 1839ರಲ್ಲಿ ಉತ್ತರ ಕೆರೊಲಿನಾ ರಾಜ್ಯದ ಕ್ಯಾಸ್ವೆಲ್ ಎಂಬಲ್ಲಿ ಅಬಿಷಾ ಸ್ಲೇಡ್ ಎಂಬ ಜಮೀನ್ದಾರನ ತೋಟದಲ್ಲಿ ಸ್ಟೀಫನ್ ಎಂಬ ಗುಲಾಮ ಬ್ಯಾರನ್ ಬೆಂಕಿ ಕಾಯುತ್ತಿದ್ದ. ರಾತ್ರಿ ನಿದ್ದೆ ಹತ್ತಿತು. ಎದ್ದು ನೋಡಿದರೆ ಬೆಂಕಿ ಆರುವ ಹಂತದಲ್ಲಿತ್ತು. ಗಾಬರಿಯಾಗಿ ಕಮ್ಮಾರನ ಕುಲುಮೆಯ ಇದ್ದಿಲು ತಂದು ಸುರಿದ. ಇದ್ದಿಲಿನ ಜೋರು ಒಣ ಶಾಖಕ್ಕೆ ಸೊಪ್ಪು ಕಂದು ಬಣ್ಣಕ್ಕೆ ತಿರುಗದೆ ಹೊಳೆಯುವ ಹಳದಿಯಾಯಿತು. ಅದಕ್ಕೆ ಮಾರುಕಟ್ಟೆಯಲ್ಲಿ ಹೆಚ್ಚು ಬೆಲೆ ಸಿಕ್ಕಿತು.

ಇದ್ದಿಲು ದುಬಾರಿ. ಹಾಗಾಗಿ ಮುಂದಿನ ದಶಕಗಳಲ್ಲಿ ಹೊರಗೆ ಒಲೆ, ಒಳಗೆ ಹೊಗೆ ಪೈಪು ಇರುವ ಬ್ಯಾರನ್ ಬಳಕೆಗೆ ಬಂತು. ಇದ್ದಿಲು ಸುಡುವ ಬದಲು ಸೌದೆ ಸುಟ್ಟೇ ಅದೇ ಬಣ್ಣ ತೆಗೆಯಬಹುದಾಯಿತು. ನಾವು ಇಂದಿಗೂ ಬಳಸುತ್ತಿರುವುದು ಹೆಚ್ಚುಕಡಿಮೆ ಅದೇ ಕಟ್ಟಡ.

ಕಥೆಯಲ್ಲಿ ಇನ್ನೊಂದು ಅಂಶವೂ ಇದೆ. ಬೆಂಕಿ ಕಾದವನು ಒಬ್ಬ, ಬೆಲೆ ಪಡೆದವನು ಇನ್ನೊಬ್ಬ. ಅಷ್ಟು ದೊಡ್ಡ ಅನ್ಯಾಯದ ಜೊತೆ ಹೋಲಿಕೆ ಬೇಡ. ಆದರೆ ಒಲೆ ಮುಂದೆ ಕೂರುವವರು ಯಾರು, ಲಾಭ ಯಾರಿಗೆ ಎಂಬ ಪ್ರಶ್ನೆ ನಮ್ಮ ಬ್ಯಾರನ್‌ಗಳಲ್ಲೂ ಬರುತ್ತದೆ. ಅದನ್ನು ಮುಂದೆ ನೋಡೋಣ.

ನಮ್ಮ ಕೆಂಪು ಮಣ್ಣಿಗೆ ಬಂದದ್ದು

ಪೋರ್ಚುಗೀಸರು ತಂದ ಹೊಗೆಸೊಪ್ಪು ನಮ್ಮ ದೇಶದಲ್ಲಿ ನಾನೂರು ವರ್ಷಗಳಿಂದ ಇದೆ. ಎಲೆಅಡಿಕೆ ಜೊತೆ ಜಗಿಯುವ ಸೊಪ್ಪು, ಬೀಡಿ ಸೊಪ್ಪು, ನಶ್ಯದ ಸೊಪ್ಪು ಇವೆಲ್ಲ ಹಳೆಯವು. ಅವನ್ನು ಬಿಸಿಲಲ್ಲಿ, ನೆರಳಲ್ಲಿ ಒಣಗಿಸಿದರೆ ಆಯಿತು. ಸೌದೆ ಬೇಕಾಗಿರಲಿಲ್ಲ. ವರ್ಜೀನಿಯಾ ಸೊಪ್ಪು ಬಂದಮೇಲೆ ಬೆಂಕಿಯ ಖರ್ಚು ಶುರುವಾಯಿತು.

ನಮ್ಮ ದೇಶದಲ್ಲಿ ಈ ಸೊಪ್ಪು ಮೊದಲು ಬೇರೂರಿದ್ದು ಆಂಧ್ರದ ಗುಂಟೂರು ಸೀಮೆಯಲ್ಲಿ, 1920ರ ದಶಕದಲ್ಲಿ. ಸಿಗರೇಟು ಕಂಪನಿಗೆ ಎಲೆ ಒದಗಿಸುತ್ತಿದ್ದ ಸಂಸ್ಥೆ ಅಲ್ಲಿ ರೈತರಿಗೆ ಬೀಜ ಕೊಟ್ಟು, ಬ್ಯಾರನ್ ಕಟ್ಟಿಸಿ, ಸೊಪ್ಪು ಕೊಂಡುಕೊಳ್ಳುತ್ತಿತ್ತು. ಅಲ್ಲಿಯದು ಕಪ್ಪು ಮಣ್ಣು, ಹಿಂಗಾರು ಬೆಳೆ. ನಮ್ಮ ಕಡೆಯ ಕೆಂಪು ಮರಳು ಮಿಶ್ರಿತ ಮಣ್ಣು, ಮುಂಗಾರಿನ ಹದ ಮಳೆ ಈ ಬೆಳೆಗೆ ಇನ್ನೂ ಚೆನ್ನಾಗಿ ಹೊಂದಿತು. ಸಕ್ಕರೆ ಅಂಶ ಹೆಚ್ಚು, ನಿಕೋಟಿನ್ ಹಿತಮಿತ ಇರುವ ಈ ಸೊಪ್ಪಿಗೆ ಹೊರದೇಶದಲ್ಲೂ ಬೇಡಿಕೆ ಬಂತು.

ಕೇಂದ್ರ ತಂಬಾಕು ಸಂಶೋಧನಾ ಸಂಸ್ಥೆ ರಾಜಮಂಡ್ರಿಯಲ್ಲಿ 1947ರಲ್ಲಿ ಶುರುವಾಯಿತು. ಅದರ ಹುಣಸೂರು ಕೇಂದ್ರ 1957ರದು. 1975ರಲ್ಲಿ ಸಂಸತ್ತು ತಂಬಾಕು ಮಂಡಳಿ ಕಾಯ್ದೆ ಮಾಡಿತು. 1976ರ ಜನವರಿ 1ರಂದು ಮಂಡಳಿ ಕೆಲಸ ಆರಂಭಿಸಿತು. ಅದರ ಕೇಂದ್ರ ಕಚೇರಿ ಗುಂಟೂರಿನಲ್ಲಿದೆ. ಬೆಳೆಗಾರರು ನೋಂದಣಿ ಮಾಡಿಸಬೇಕು, ಬ್ಯಾರನ್‌ಗೆ ಲೈಸೆನ್ಸ್ ಬೇಕು, ಎಷ್ಟು ಸೊಪ್ಪು ಮಾರಬಹುದು ಎಂಬುದು ಮಂಡಳಿ ನಿಗದಿ ಮಾಡಿದಷ್ಟು ಎಂಬ ವ್ಯವಸ್ಥೆ ಬಂತು. 1984ರಲ್ಲಿ ಕರ್ನಾಟಕದಲ್ಲಿ ಮಂಡಳಿಯ ಹರಾಜು ಆರಂಭವಾಯಿತು. ಆಂಧ್ರದಲ್ಲಿ ಹರಾಜು ಬಂದದ್ದು ಅದರ ಮುಂದಿನ ವರ್ಷ. ಕಟ್ಟೆಮಳಲವಾಡಿ, ಚಿಲ್ಕುಂದ, ಕಂಪಲಾಪುರ, ಪಿರಿಯಾಪಟ್ಟಣ, ಎಚ್.ಡಿ. ಕೋಟೆ ಎಂದರೆ ಹೊಗೆಸೊಪ್ಪಿನ ಮನೆಗಳಲ್ಲಿ ಹರಾಜು ಕಟ್ಟೆಯೇ ನೆನಪಾಗುತ್ತದೆ.

ಹರಾಜು ಬಂದಮೇಲೆ ಬಣ್ಣಕ್ಕೆ ಬೆಲೆ ಕಣ್ಣಿಗೆ ಕಾಣುವಂತಾಯಿತು. ಪಕ್ಕದ ಬೇಲಿಗೆ ಒಂದು ದರ, ನಮ್ಮ ಬೇಲಿಗೆ ಇನ್ನೊಂದು ದರ. ಅಂದರೆ ಒಲೆಯ ತಪ್ಪು ಎರಡು ಕಡೆ ಹೊಡೆಯಿತು. ಸೌದೆಯೂ ಹೆಚ್ಚು ಸುಟ್ಟಿತು, ಸೊಪ್ಪಿನ ದರ್ಜೆಯೂ ಇಳಿಯಿತು.

ಲೈಸೆನ್ಸ್ ಎಂಬುದು ಬಂದದ್ದರಿಂದ ಇನ್ನೂ ಒಂದು ಬದಲಾವಣೆ ಆಯಿತು. ಹಳೇ ಬ್ಯಾರನ್ ಬರೀ ಗೋಡೆ, ಹೆಂಚು ಅಲ್ಲ, ಅದೊಂದು ಕಾಗದವೂ ಆಯಿತು. ಗೋಡೆ ಬಿರುಕು ಬಿಟ್ಟರೂ ಕಾಗದಕ್ಕೆ ಬೆಲೆ ಇರುತ್ತದೆ.

ಸೌದೆಗೆ ಬೆಲೆ ಬಂದ ಕಾಲ

ಹಳಬರನ್ನು ಕೇಳಿದರೆ, ಮೊದಮೊದಲು ಬ್ಯಾರನ್ ಕಟ್ಟಿದವರು ಸೌದೆಯನ್ನು ಖರ್ಚು ಎಂದು ಬರೆದುಕೊಳ್ಳುತ್ತಲೇ ಇರಲಿಲ್ಲ ಎನ್ನುತ್ತಾರೆ. ಬದುವಿನ ಮರ, ಗೋಮಾಳದ ಗಿಡ, ಪಕ್ಕದ ಕಾಡು. ನಾಲ್ಕು ತಾಲ್ಲೂಕುಗಳ ಪಶ್ಚಿಮಕ್ಕೂ ದಕ್ಷಿಣಕ್ಕೂ ನಾಗರಹೊಳೆ, ಕಾಕನಕೋಟೆಯ ಕಾಡು. ಗಾಡಿ ಇದ್ದರೆ, ಕೈಯಲ್ಲಿ ಕೊಡಲಿ ಇದ್ದರೆ ಸೌದೆ ಇತ್ತು. ಹಣ ಕೊಡದ ವಸ್ತುವನ್ನು ಯಾರೂ ತೂಗುವುದಿಲ್ಲ. ಹಾಗಾಗಿ ಚಾವಣಿಯಿಂದ ಎಷ್ಟು ಶಾಖ ಸೋರುತ್ತಿದೆ ಎಂದು ಯಾರೂ ನೋಡಲೂ ಇಲ್ಲ.

ಆಮೇಲೆ ಒಂದೊಂದೇ ಬಾಗಿಲು ಮುಚ್ಚಿತು. 1955ರಲ್ಲಿ ನಾಗರಹೊಳೆ ಅಭಯಾರಣ್ಯವಾಯಿತು, ಮುಂದೆ ರಾಷ್ಟ್ರೀಯ ಉದ್ಯಾನವಾಯಿತು. 1963ರಲ್ಲಿ ಕರ್ನಾಟಕ ಅರಣ್ಯ ಕಾಯ್ದೆ, 1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆ, 1980ರಲ್ಲಿ ಅರಣ್ಯ ಸಂರಕ್ಷಣಾ ಕಾಯ್ದೆ ಬಂದವು. ಇದರ ನಡುವೆ 1970ರ ದಶಕದಲ್ಲಿ ಕಬಿನಿ ಅಣೆಕಟ್ಟೆಯ ಹಿನ್ನೀರು ಕಾಕನಕೋಟೆ ಕಾಡಿನ ದೊಡ್ಡ ಭಾಗವನ್ನು ಮುಳುಗಿಸಿತು. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯಿಂದ ಸ್ವಂತ ಜಮೀನಿನ ಮರ ಕಡಿಯಲೂ ಅನುಮತಿ ಬೇಕಾಯಿತು. ನೀಲಗಿರಿ, ಸರ್ವೆ, ಸಿಲ್ವರ್ ಓಕ್‌ನಂಥ ಕೆಲವು ಮರಗಳಿಗೆ ವಿನಾಯಿತಿ ಇತ್ತು.

ಆ ವಿನಾಯಿತಿ ಇದ್ದ ಮರಗಳೇ ಬ್ಯಾರನ್‌ಗೆ ಬಂದವು. 1980ರ ದಶಕದಲ್ಲಿ ವಿಶ್ವಬ್ಯಾಂಕ್ ನೆರವಿನ ಸಾಮಾಜಿಕ ಅರಣ್ಯ ಯೋಜನೆಯಲ್ಲಿ ಕರ್ನಾಟಕದ ಹೊಲ, ಗೋಮಾಳಗಳಿಗೆ ನೀಲಗಿರಿ ಇಳಿಯಿತು. ಕಾಗದದ ಕಾರ್ಖಾನೆಗೂ ಅದೇ ಮರ, ಬ್ಯಾರನ್‌ಗೂ ಅದೇ ಮರ. ಅಂತರ್ಜಲದ ಚಿಂತೆ ಹೆಚ್ಚಾಗಿ 2017ರಲ್ಲಿ ರಾಜ್ಯ ಸರ್ಕಾರ ಹೊಸದಾಗಿ ನೀಲಗಿರಿ ನೆಡುವುದನ್ನು ನಿಷೇಧಿಸಿತು. ಇತ್ತ ಮಂಡಳಿಯೂ ಕಂಪನಿಗಳೂ ಬೇರೆ ಬೇರೆ ಸಸಿ ಹಂಚಿ ಬದುಗಳಲ್ಲಿ ನೆಡಿಸಿದವು. ಕೊಡಗಿನ ಗಡಿಯ ಕಡೆ ಕಾಫಿ ಸಿಪ್ಪೆ ಸುಡುವುದೂ ಬಳಕೆಗೆ ಬಂತು. ಆಂಧ್ರದಲ್ಲಿ ಕಲ್ಲಿದ್ದಲೂ ಬಳಕೆಯಲ್ಲಿತ್ತು, ನಮ್ಮಲ್ಲಿ ಬಹುಪಾಲು ಸೌದೆಯೇ ಉಳಿಯಿತು.

ಹೀಗೆ ಎರಡು ತಲೆಮಾರಿನೊಳಗೆ ಪುಕ್ಕಟೆ ಸೌದೆ ಟನ್ ಲೆಕ್ಕದ ಸೌದೆಯಾಯಿತು. ಇಂದು ಹೊಗೆಸೊಪ್ಪಿನ ಖರ್ಚಿನಲ್ಲಿ ಕೂಲಿ, ಗೊಬ್ಬರ, ಸೌದೆ ಮೂರೂ ಭಾರವಾದವು. ಆದರೆ ಕಟ್ಟಡ ಮಾತ್ರ ಪುಕ್ಕಟೆ ಸೌದೆ ಕಾಲದ್ದೇ.

ಐದರಲ್ಲಿ ನಾಲ್ಕು ಎಲ್ಲಿ ಹೋಯಿತು?

ಹಳೇ ಮಾದರಿ ಬ್ಯಾರನ್‌ನಲ್ಲಿ ಒಂದು ಕೆ.ಜಿ. ಹದವಾದ ಸೊಪ್ಪಿಗೆ ಸುಮಾರು ಐದು ಕೆ.ಜಿ. ಸೌದೆ ಬೇಕು ಎಂಬುದು ಎಲ್ಲರೂ ಹೇಳುವ ಲೆಕ್ಕ. ಇದು ಹೆಚ್ಚೋ ಕಡಿಮೆಯೋ ಎಂದು ನೋಡಲು ಸ್ಕೂಲಿನ ವಿಜ್ಞಾನ ಸಾಕು.

ಒಂದು ಕೆ.ಜಿ. ಒಣ ಸೊಪ್ಪಿಗೆ ಆರೇಳು ಕೆ.ಜಿ. ಹಸಿ ಸೊಪ್ಪು ಬೇಕು. ಅಂದರೆ ಐದಾರು ಕೆ.ಜಿ. ನೀರನ್ನು ಆವಿ ಮಾಡಬೇಕು. ಒಂದು ಕೆ.ಜಿ. ನೀರನ್ನು ಕಾಯಿಸಿ ಆವಿ ಮಾಡಲು ಸುಮಾರು ಎರಡೂವರೆ ಮೆಗಾಜೂಲ್ ಶಾಖ ಬೇಕು. ಐದಾರು ಕೆ.ಜಿ.ಗೆ ಹದಿಮೂರರಿಂದ ಹದಿನೈದು. ಚೆನ್ನಾಗಿ ಒಣಗಿದ ಒಂದು ಕೆ.ಜಿ. ಸೌದೆಯಲ್ಲಿ ಇರುವ ಶಾಖ ಸುಮಾರು ಹದಿನೈದು ಮೆಗಾಜೂಲ್. ಅಂದರೆ ನೀರು ತೆಗೆಯುವ ಕೆಲಸ ಮಾಡುವುದು ಒಂದು ಕೆ.ಜಿ. ಸೌದೆ. ಉಳಿದ ನಾಲ್ಕು ಕೆ.ಜಿ. ಗೋಡೆ, ಚಾವಣಿ, ಚಿಮಣಿ, ಕಿಂಡಿಗಳಿಗೆ ಹೋಯಿತು.

ನಾಲ್ಕನ್ನೂ ಉಳಿಸಲು ಆಗುವುದಿಲ್ಲ. ತೇವದ ಗಾಳಿಯನ್ನು ಹೊರಗೆ ಬಿಡಲೇಬೇಕು, ಹೊಗೆ ಮೇಲೇರಲು ಚಿಮಣಿಯಲ್ಲಿ ಸ್ವಲ್ಪ ಬಿಸಿ ಇರಲೇಬೇಕು. ಆದರೆ ಸ್ವಲ್ಪ ಭಾಗ ಖಂಡಿತ ಉಳಿಸಬಹುದು. ಅದು ಎಲ್ಲಿ ಎಂದು ನೋಡೋಣ.

ಮೊದಲನೆಯದು ಸೌದೆಯ ಒಳಗೇ ಇರುವ ನೀರು. ಹಸಿ ಸೌದೆಯ ತೂಕದಲ್ಲಿ ಅರ್ಧದಷ್ಟು ನೀರು ಇರಬಹುದು. ಅಂಥ ಒಂದು ಕೆ.ಜಿ. ಸೌದೆ ಒಣ ಸೌದೆಯ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಶಾಖ ಕೊಡುತ್ತದೆ, ಅಷ್ಟೇ. ತೂಕದ ಲೆಕ್ಕದಲ್ಲಿ ಹಸಿ ಸೌದೆ ಕೊಂಡವರು ನೀರಿಗೆ ದುಡ್ಡು ಕೊಟ್ಟ ಹಾಗೆ. ಬೇಸಿಗೆಯಲ್ಲಿ ಕೊಂಡು, ಸೀಳಿ, ಮಳೆ ಬೀಳದ ಕಡೆ ಪೇರಿಸಿಟ್ಟರೆ ಬಿಸಿಲು ಪುಕ್ಕಟೆಯಾಗಿ ಆ ನೀರು ತೆಗೆಯುತ್ತದೆ. ಕಷ್ಟ ಏನೆಂದರೆ ಬೇಸಿಗೆಯಲ್ಲಿ ಕೊಳ್ಳಲು ಸಣ್ಣ ರೈತರ ಕೈಯಲ್ಲಿ ದುಡ್ಡಿರುವುದಿಲ್ಲ. ಜುಲೈನಲ್ಲಿ ಸಾಲ ತಂದು ಸಿಕ್ಕಿದ್ದನ್ನು ಕೊಳ್ಳುತ್ತಾರೆ, ಅದು ನೆನೆದದ್ದೇ ಆಗಿರುತ್ತದೆ.

ಎರಡನೆಯದು ಚಾವಣಿ. ಬಿಸಿ ಗಾಳಿ ಮೇಲಕ್ಕೆ ಹೋಗುತ್ತದೆ. ಹೊರಗೆ 75 ಡಿಗ್ರಿ ಇದ್ದಾಗ ಹಳದಿ ಹಂತದಲ್ಲಿ ಒಳಗೂ ಹೊರಗೂ ವ್ಯತ್ಯಾಸ ಇಪ್ಪತ್ತು ಚಿಲ್ಲರೆ ಡಿಗ್ರಿ. ದಂಟು ಒಣಗುವ ಹಂತದಲ್ಲಿ ಅದು 85 ಡಿಗ್ರಿ. ಸೋರುವ ಶಾಖ ಈ ವ್ಯತ್ಯಾಸಕ್ಕೆ ತಕ್ಕಂತೆ ಇರುತ್ತದೆ. ಅಂದರೆ ಕೊನೆ ಹಂತದ ಒಂದು ಗಂಟೆಯಲ್ಲಿ ಮೊದಲ ಹಂತದ ನಾಲ್ಕು ಗಂಟೆಯಷ್ಟು ಶಾಖ ಗೋಡೆ, ಚಾವಣಿಯಿಂದ ಸೋರುತ್ತದೆ. ಮಣ್ಣಿನ ದಪ್ಪ ಗೋಡೆ ಇದನ್ನು ಸ್ವಲ್ಪ ತಡೆಯುತ್ತದೆ. ಬರೀ ತಗಡಿನ ಚಾವಣಿ ಏನೂ ತಡೆಯುವುದಿಲ್ಲ. ಅಟ್ಟದಲ್ಲಿ ಹುಲ್ಲು ಪೇರಿಸಿದ ಮನೆ ಚಳಿಗಾಲದಲ್ಲಿ ಬೆಚ್ಚಗಿರುತ್ತದೆ ಎಂಬುದು ನಮ್ಮ ಅಜ್ಜಿಯರಿಗೆ ಗೊತ್ತಿದ್ದ ವಿಷಯ. ಬ್ಯಾರನ್‌ಗೂ ಅದೇ ಮಾತು. ಹೆಂಚಿನ ಕೆಳಗೆ ಒಂದು ಮುಚ್ಚಿಗೆ ಹಾಕಿ, ಅದರ ಮೇಲೆ ಶಾಖ ತಡೆಯುವ ಪದರ ಹಾಕಬಹುದು. ಕೆ.ಆರ್. ನಗರದ ನಾಲೆ ಬಯಲಿನ ಭತ್ತದ ಹುಲ್ಲು ಅದಕ್ಕೆ ಒಳ್ಳೆಯ ಸಾಮಾನು. ಆದರೆ ಹುಲ್ಲಿಗೆ ಬೆಂಕಿ ಹತ್ತುತ್ತದೆ. ಚಿಮಣಿಯಿಂದ ದೂರ ಇರಬೇಕು, ಕಿಡಿ ಹೋಗದಂತೆ ಮೇಲೆ ಕೆಳಗೆ ಮಣ್ಣು ಮೆತ್ತಬೇಕು. ಗ್ಲಾಸ್‌ವೂಲ್‌ಗೆ ಬೆಂಕಿ ಹತ್ತುವುದಿಲ್ಲ, ಆದರೆ ಖರ್ಚು ಹೆಚ್ಚು.

ಮೂರನೆಯದು ಒಲೆ. ನೆಲದ ಮೇಲೆಯೇ ಸೌದೆ ತುರುಕಿದರೆ ಗಾಳಿ ಸಿಗದೆ ಅರ್ಧ ಉರಿದು ಹೊಗೆಯಾಗುತ್ತದೆ. ಕೆಳಗೆ ಕಬ್ಬಿಣದ ಜಾಲರಿ ಇದ್ದರೆ ಬೂದಿ ಕೆಳಗೆ ಬಿದ್ದು ಗಾಳಿ ಮೇಲೆ ಬರುತ್ತದೆ, ಸೌದೆ ಪೂರ್ತಿ ಉರಿಯುತ್ತದೆ. ಒಲೆ ಬಾಯಿಗೆ ತಗಡಿನ ಬಾಗಿಲು, ಚಿಮಣಿಗೆ ತೆರೆದು ಮುಚ್ಚುವ ತಟ್ಟೆ ಇದ್ದರೆ ಗಾಳಿ ನಮ್ಮ ಕೈಯಲ್ಲಿರುತ್ತದೆ. ದೊಡ್ಡ ದಿಮ್ಮಿ ತುರುಕಿ ಬಾಯಿ ತೆರೆದಿಟ್ಟು ಮಲಗಿದರೆ ಬೆಂಕಿಯ ಅರ್ಧ ಆಕಾಶಕ್ಕೆ.

ನಾಲ್ಕನೆಯದು ಸಣ್ಣ ಸಣ್ಣ ಸಂದಿಗಳು. ಬಾಗಿಲ ಅಡಿ, ಕಿಂಡಿಯ ಅಂಚು, ಗೋಡೆಯ ಬಿರುಕು. ಪೈಪಿನ ಒಳಗೆ ಕಟ್ಟಿದ ಮಸಿಯೂ ಶಾಖವನ್ನು ತಡೆಯುತ್ತದೆ. ಹಂಗಾಮಿಗೆ ಮುಂಚೆ ಪೈಪು ತಟ್ಟಿ ಮಸಿ ತೆಗೆಯಬೇಕು, ತೂತು ಬಿದ್ದ ಪೈಪು ಬದಲಾಯಿಸಬೇಕು. ಪೈಪಿನ ಮೇಲೆ ಒಣ ಸೊಪ್ಪು ಬಿದ್ದರೆ ಬ್ಯಾರನ್ನೇ ಹೊತ್ತಿಕೊಳ್ಳುತ್ತದೆ. ಪ್ರತಿ ಹಂಗಾಮಿನಲ್ಲೂ ಅಂಥ ಒಂದೆರಡು ಸುದ್ದಿ ಬರೆಯುವುದು ನಮ್ಮಂಥ ವರದಿಗಾರರಿಗೆ ಬಂದೇ ಬರುತ್ತದೆ.

ಈಗ ರೂಪಾಯಿ ಲೆಕ್ಕ. ಒಂದು ಹಂಗಾಮಿಗೆ 1,500 ಕೆ.ಜಿ. ಸೊಪ್ಪು ಎಂದಿಟ್ಟುಕೊಳ್ಳಿ. ಕೆ.ಜಿ.ಗೆ ಐದು ಕೆ.ಜಿ. ಸೌದೆಯಂತೆ ಏಳೂವರೆ ಟನ್. ಅದನ್ನು ನಾಲ್ಕಕ್ಕೆ ಇಳಿಸಿದರೆ ಆರು ಟನ್. ಉಳಿತಾಯ ಒಂದೂವರೆ ಟನ್. ನಿಮ್ಮೂರಿನ ಇಂದಿನ ಸೌದೆ ದರದಿಂದ ಗುಣಿಸಿ ನೋಡಿ. ಅದು ಪ್ರತಿ ವರ್ಷದ ಉಳಿತಾಯ.

ಅಡುಗೆಮನೆಯ ಒಲೆ ಕಲಿಸಿದ ಪಾಠ

ಇಂಥದೇ ಪ್ರಯತ್ನ ನಮ್ಮ ಅಡುಗೆಮನೆಗಳಲ್ಲಿ ಮೊದಲೇ ನಡೆದಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಎ.ಕೆ.ಎನ್. ರೆಡ್ಡಿ ಅವರ ಮುಂದಾಳತ್ವದಲ್ಲಿ ಅಸ್ತ್ರ ಎಂಬ ಕೇಂದ್ರ ಶುರುವಾಯಿತು. ಹಳ್ಳಿಗೆ ಬೇಕಾದ ತಂತ್ರಜ್ಞಾನ ರೂಪಿಸುವುದು ಅದರ ಉದ್ದೇಶ. ಅವರು ಕುಣಿಗಲ್ ತಾಲ್ಲೂಕಿನ ಪುರ ಎಂಬ ಹಳ್ಳಿಯಲ್ಲಿ ಮನೆ ಮನೆಗೆ ಹೋಗಿ ಇಂಧನದ ಲೆಕ್ಕ ತೆಗೆದರು. ಹಳ್ಳಿಯ ಶಕ್ತಿಯಲ್ಲಿ ಬಹುಪಾಲು ಸೌದೆಯಿಂದ, ಆ ಸೌದೆಯಲ್ಲಿ ಬಹುಪಾಲು ಅಡುಗೆಗೆ, ಒಲೆಯ ಶಾಖದಲ್ಲಿ ಪಾತ್ರೆಗೆ ಸೇರುವುದು ಬಹಳ ಕಡಿಮೆ ಎಂಬುದು ಅಂಕಿಯಲ್ಲಿ ಕಂಡಿತು. ಸೌದೆ ಹೊರುವವರು ಹೆಂಗಸರೂ ಮಕ್ಕಳೂ. ಅವರ ಹೊತ್ತಿಗೆ ಕೂಲಿ ಇಲ್ಲದ್ದರಿಂದ ಆ ನಷ್ಟವನ್ನು ಯಾರೂ ಎಣಿಸಿರಲಿಲ್ಲ.

ಅಲ್ಲಿಂದ ಬಂದದ್ದು ಅಸ್ತ್ರ ಒಲೆ. ಮುಚ್ಚಿದ ಒಲೆ, ಕೆಳಗೆ ಜಾಲರಿ, ಒಂದೇ ಬೆಂಕಿಗೆ ಮೂರು ಪಾತ್ರೆ, ಹೊಗೆಗೆ ಕೊಳವೆ. ಬ್ಯಾರನ್ ಒಲೆಗೆ ಈಗ ಹೇಳುವ ಮಾತುಗಳೇ ಇವೂ. ಕೇಂದ್ರ ಸರ್ಕಾರ 1983ರಿಂದ ಸುಧಾರಿತ ಒಲೆಗಳ ರಾಷ್ಟ್ರೀಯ ಕಾರ್ಯಕ್ರಮ ನಡೆಸಿತು. ಊರೂರಲ್ಲಿ ಹೊಗೆಕೊಳವೆ ಎದ್ದವು. 2002ರಲ್ಲಿ ಆ ಕಾರ್ಯಕ್ರಮ ನಿಂತಿತು.

ಎಷ್ಟು ಒಲೆ ಕಟ್ಟಿದೆವು ಎಂಬ ಲೆಕ್ಕ ಇತ್ತು. ಮೂರು ವರ್ಷದ ಮೇಲೆ ಕೊಳವೆ ಕಟ್ಟಿಕೊಂಡಾಗ, ಒಲೆ ಬಿರುಕು ಬಿಟ್ಟಾಗ ಯಾರು ರಿಪೇರಿ ಮಾಡುತ್ತಾರೆ ಎಂಬ ಲೆಕ್ಕ ಬಹಳ ಕಡೆ ಇರಲಿಲ್ಲ. ಕಟ್ಟಲು ಬಂದ ಮೇಸ್ತ್ರಿ ಮತ್ತೆ ಬರಲಿಲ್ಲ. ಎಷ್ಟೋ ಮನೆಗಳು ಮೂರು ಕಲ್ಲಿನ ಒಲೆಗೆ ವಾಪಸ್ ಹೋದವು.

ಚಾವಣಿ ರಿಪೇರಿ ಯಾರ ಖರ್ಚು?

ಬ್ಯಾರನ್‌ನ ಕಥೆ ಸಿಕ್ಕಿಬಿದ್ದಿರುವುದೂ ಅಂಥದೇ ಜಾಗದಲ್ಲಿ. ತಂತ್ರ ಗುಟ್ಟಿನದಲ್ಲ. ಚಾವಣಿಗೆ ಪದರ, ಒಲೆಗೆ ಜಾಲರಿ, ಒಣ ಸೌದೆ ಇವನ್ನು ಸಂಶೋಧನಾ ಕೇಂದ್ರದವರೂ ಮಂಡಳಿಯವರೂ ವರ್ಷಗಳಿಂದ ಹೇಳುತ್ತ ಬಂದಿದ್ದಾರೆ. ಸೊಪ್ಪನ್ನು ಕಡ್ಡಿಗೆ ಕಟ್ಟದೆ ಬಿಡಿಯಾಗಿ ತುಂಬಿ, ಫ್ಯಾನ್‌ನಿಂದ ಗಾಳಿ ಹಾಯಿಸುವ ಹೊಸ ಬ್ಯಾರನ್‌ಗಳೂ ಬಂದಿವೆ. ಅಮೆರಿಕದ ರೈತರು 1960ರ ದಶಕದಿಂದಲೇ ಫ್ಯಾನ್ ಇರುವ ಬ್ಯಾರನ್‌ಗಳತ್ತ ಹೊರಳಿದರು. ಆಫ್ರಿಕಾದ ಮಲಾವಿ, ಜಿಂಬಾಬ್ವೆಗಳಲ್ಲಿ ಸಣ್ಣ ರೈತರಿಗಾಗಿ ಕಡಿಮೆ ಸೌದೆಯ ರಾಕೆಟ್ ಬ್ಯಾರನ್ ಮಾಡಿದ್ದಾರೆ. ಅಂದರೆ ದಾರಿಗಳಿವೆ.

ಹಾಗಾದರೆ ಹಳೇ ಬ್ಯಾರನ್ ಹಾಗೇ ಸೋರುತ್ತಿರುವುದೇಕೆ? ಆಲಸ್ಯ ಎಂದು ಹೇಳಿಬಿಡುವುದು ಸುಲಭ. ಆದರೆ ಲೆಕ್ಕ ಬೇರೆ ಇದೆ.

ಕೆಲವು ಕಡೆ ಬ್ಯಾರನ್ ಒಬ್ಬರದು, ಅದರಲ್ಲಿ ಸೊಪ್ಪು ಬೇಯಿಸುವವರು ಇನ್ನೊಬ್ಬರು. ಲೈಸೆನ್ಸ್ ಇದ್ದವರು ಬೆಳೆ ಬಿಟ್ಟು ಮೈಸೂರಿಗೋ ಬೆಂಗಳೂರಿಗೋ ಹೋಗಿರುತ್ತಾರೆ. ಊರಲ್ಲಿದ್ದವರು ವರ್ಷಕ್ಕಿಷ್ಟು ಎಂದು ಮಾತಾಡಿಕೊಂಡು ಬಳಸುತ್ತಾರೆ. ಚಾವಣಿಗೆ ಹಣ ಹಾಕಬೇಕಾದವರು ಮಾಲೀಕರು, ಆದರೆ ಸೌದೆ ಉಳಿಯುವುದು ಬಳಸುವವರಿಗೆ. ಮಾಲೀಕರಿಗೆ ಹಾಕುವ ಕಾರಣ ಇಲ್ಲ. ಬಳಸುವವರಿಗೆ ಮುಂದಿನ ವರ್ಷ ಇದೇ ಬ್ಯಾರನ್ ಸಿಗುತ್ತದೋ ಇಲ್ಲವೋ ಎಂಬ ಭರವಸೆ ಇಲ್ಲ. ಪೇಟೆಯ ಬಾಡಿಗೆ ಮನೆಯಲ್ಲಿ ಸೋರುವ ನಲ್ಲಿ ಯಾರೂ ಸರಿ ಮಾಡಿಸದಿರುವುದೂ ಇದೇ ಕಾರಣಕ್ಕೆ.

ಅಣ್ಣ ತಮ್ಮಂದಿರ ಪಾಲಿಗೆ ಬಂದ ಒಂದೇ ಬ್ಯಾರನ್ ಇದ್ದಾಗಲೂ ಹೀಗೇ. ಈ ವಾರ ಅಣ್ಣನ ಸೊಪ್ಪು, ಮುಂದಿನ ವಾರ ತಮ್ಮನ ಸೊಪ್ಪು. ಸೌದೆ ಅವರವರದು, ಚಾವಣಿ ಎಲ್ಲರದು. ಎಲ್ಲರದು ಎಂದರೆ ಯಾರದೂ ಅಲ್ಲ ಎಂದೇ ಆಗುತ್ತದೆ.

ಸ್ವಂತ ಬ್ಯಾರನ್ ಇರುವವರಿಗೆ ಇನ್ನೊಂದು ಚಿಂತೆ. ಈ ಬೆಳೆ ಎಷ್ಟು ದಿನ? ಭಾರತ 2003ರಲ್ಲಿ ತಂಬಾಕು ನಿಯಂತ್ರಣ ಕಾಯ್ದೆ ಮಾಡಿತು, 2004ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ತಂಬಾಕು ನಿಯಂತ್ರಣ ಒಪ್ಪಂದವನ್ನು ಅನುಮೋದಿಸಿತು. ಬೆಳೆಗಾರರಿಗೆ ಬದಲಿ ಬೆಳೆ ಒದಗಿಸಬೇಕು ಎಂಬ ಮಾತು ಆ ಒಪ್ಪಂದದಲ್ಲೇ ಇದೆ. ಹೊಗೆಸೊಪ್ಪು ಆರೋಗ್ಯಕ್ಕೆ ಹಾನಿ ಎಂಬುದರಲ್ಲಿ ಎರಡು ಮಾತಿಲ್ಲ. ಮಳೆ ನಂಬಿದ ಎರಡು ಎಕರೆಗೆ ಇಷ್ಟು ಖಚಿತ ಮಾರುಕಟ್ಟೆ ಇರುವ ಇನ್ನೊಂದು ಬೆಳೆ ಕೈಗೆ ಸಿಗದೆ ಜನ ಇದರಲ್ಲೇ ಉಳಿದಿದ್ದಾರೆ ಎಂಬುದೂ ನಿಜ. ಹೀಗೆ ಒಂದು ಕಾಲು ಒಳಗೆ ಒಂದು ಕಾಲು ಹೊರಗೆ ಇಟ್ಟು ನಿಂತವರು ಹತ್ತು ವರ್ಷದ ಬಾಳಿಕೆಗೆಂದು ದೊಡ್ಡ ಹಣ ಹಾಕುವುದು ಹೇಗೆ?

ಈ ಹಂಗಾಮಿಗೆ ಇಷ್ಟು

ಈ ಇತಿಹಾಸದಿಂದ ನನಗೆ ಕಾಣುವುದು ಇಷ್ಟು. ಸೌದೆ ಪುಕ್ಕಟೆ ಇದ್ದಾಗ ಅದರ ಬೆಲೆಯನ್ನು ಕಾಡು ಕೊಟ್ಟಿತು. ಕಾಡಿನ ಬಾಗಿಲು ಮುಚ್ಚಿದಮೇಲೆ ಬೆಲೆ ಬೆಳೆಗಾರರ ತಲೆಗೆ ಬಂತು. ಅದರಲ್ಲೂ ಹೆಚ್ಚು ಭಾರ ಬಿದ್ದದ್ದು ಸ್ವಂತ ಬ್ಯಾರನ್ ಇಲ್ಲದವರಿಗೆ, ಬೇಸಿಗೆಯಲ್ಲಿ ಸೌದೆ ಕೊಳ್ಳಲು ದುಡ್ಡಿಲ್ಲದವರಿಗೆ. ಯೋಜನೆಗಳು ಬಂದಾಗ ಸಹಾಯಧನ ಸಿಗುವುದು ಲೈಸೆನ್ಸ್ ಇರುವ ಹೆಸರಿಗೆ. ಒಲೆ ಮುಂದೆ ರಾತ್ರಿ ಕೂರುವವರ ಹೆಸರು ಕಾಗದದಲ್ಲಿ ಇರುವುದೇ ಇಲ್ಲ.

ಹಾಗಾಗಿ ಬೆಳೆ ಬಿಡುವ ಯೋಚನೆ ಇರುವವರು ಹೊಸ ಬ್ಯಾರನ್‌ಗೆ ದೊಡ್ಡ ಸಾಲ ಮಾಡುವ ಮುಂಚೆ ಎರಡು ಸಲ ಯೋಚಿಸುವುದು ಒಳ್ಳೆಯದು. ಆದರೆ ಇದೇ ವರ್ಷ ಖರ್ಚು ವಾಪಸ್ ಬರುವ ಕೆಲಸಗಳಿಗೆ ಯೋಚನೆ ಬೇಡ. ಪೈಪಿನ ಮಸಿ ತೆಗೆಯುವುದು, ಬಿರುಕಿಗೆ ಮಣ್ಣು ಮೆತ್ತುವುದು, ಒಲೆ ಬಾಯಿಗೊಂದು ತಗಡು, ಕೆಳಗೊಂದು ಜಾಲರಿ, ಸೌದೆ ಮೇಲೆ ಒಂದು ಮರೆ, ದಂಟು ಒಣಗುವಾಗ ಕಿಂಡಿ ಮುಚ್ಚುವುದು. ಇವಕ್ಕೆ ಬೇಕಾದದ್ದು ಹೆಚ್ಚಾಗಿ ಕೈಕೆಲಸ.

ಬ್ಯಾರನ್ ಬಾಡಿಗೆಗೆ ಕೊಡುವ, ತೆಗೆದುಕೊಳ್ಳುವ ಮಾತಾಡುವಾಗ ಚಾವಣಿಯ ಮಾತನ್ನೂ ಸೇರಿಸಬಹುದು. ಈ ವರ್ಷ ಬಳಸುವವರು ಮುಚ್ಚಿಗೆ ಹಾಕಿಸಿದರೆ ಅಷ್ಟನ್ನು ಬಾಡಿಗೆಯಲ್ಲಿ ಮುರಿದುಕೊಳ್ಳುವುದು, ಮುಂದಿನ ಎರಡು ಹಂಗಾಮು ಅವರಿಗೇ ಕೊಡುವುದು. ಇದಕ್ಕೆ ಸರ್ಕಾರದ ಆದೇಶ ಬೇಡ, ಜಗಲಿ ಮೇಲೆ ಕೂತು ಆಡುವ ಮಾತು ಸಾಕು.

ಕೊನೆಯದಾಗಿ ಒಂದು ಪುಸ್ತಕ. ಮಗಳು ಓದಿ ಬಿಟ್ಟ ನೋಟ್‌ಪುಸ್ತಕವಾದರೂ ಸರಿ. ಪ್ರತಿ ಸಲ ಬ್ಯಾರನ್ ತುಂಬಿದಾಗ ಎಷ್ಟು ಸೌದೆ ಹೋಯಿತು, ಎಷ್ಟು ಸೊಪ್ಪು ಬಂತು ಎಂದು ಎರಡು ಸಾಲು ಬರೆದಿಡಿ. ಈ ನಾಲ್ಕು ತಾಲ್ಲೂಕುಗಳಲ್ಲಿ ಸೊಪ್ಪಿನ ತೂಕ ಬೇಲು ಬೇಲಾಗಿ ಮಂಡಳಿಯ ಕಾಗದದಲ್ಲಿದೆ. ಸೌದೆಯ ತೂಕ ಬರೆದಿಟ್ಟ ಮನೆಗಳು ಎಲ್ಲೋ ಒಂದೊಂದು. ಸಹಾಯಧನ ಕೇಳಲು ಹೋದಾಗಲಾಗಲಿ, ಬಾಡಿಗೆ ಮಾತಾಡುವಾಗಲಾಗಲಿ, ಈ ಬೆಳೆಯಲ್ಲಿ ಉಳಿಯಬೇಕೋ ಬಿಡಬೇಕೋ ಎಂದು ಮನೆಯವರೆಲ್ಲ ಕೂತು ತೀರ್ಮಾನ ಮಾಡುವಾಗಲಾಗಲಿ, ಆ ಎರಡು ಸಾಲು ಕೈಯಲ್ಲಿರಬೇಕು.